ಇಲಿ ಸಾಯಲಿಲ್ಲ, ಸರಿ. ಆಮೇಲೆ?

ಮೊನ್ನೆ ದಾವಣಗೆರೆಗೆ ಹೋಗಿದ್ದೆ. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಚಿಕ್ಕಪ್ಪ ಅಮೃತಬಳ್ಳಿ ಮಾತ್ರೆಯ ಡಬ್ಬಿ ತೋರಿಸಿದರು. "ನೋಡಪ್ಪಾ, ಇಲಿ ಮೇಲೆ ಟೆಸ್ಟ್ ಮಾಡ್ಯಾರಂತೆ, ಏನೂ ಆಗಲ್ಲ." ಎಂಟು ತಿಂಗಳಿಂದ ದಿನಾ ನುಂಗುತ್ತಿದ್ದಾರೆ.

ಅಂಥ ಟೆಸ್ಟ್ ನಾನೂ ಮಾಡಿದ್ದೇನೆ. ಎಂ.ಫಾರ್ಮ್ (ಔಷಧ ಶಾಸ್ತ್ರದ ಸ್ನಾತಕೋತ್ತರ ಪದವಿ) ಓದುವಾಗ ಚಿತ್ರದುರ್ಗದ ಹತ್ತಿರ ನಮ್ಮ ಹೊಲದ ಬೇಲಿಯ ಲಕ್ಕಿ ಸೊಪ್ಪು ತಂದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ಸಾರ ತೆಗೆದೆ. ಡಾಂಬರಿನಂಥ ಕಪ್ಪು ಅಂಟು. ಅಜ್ಜಿ ಆ ಸೊಪ್ಪನ್ನು ಬಾಣಂತಿಯರ ಸ್ನಾನದ ನೀರಿಗೆ ಹಾಕುತ್ತಿದ್ದಳು, ಅಷ್ಟೇ. ಯಾರಿಗೂ ಕುಡಿಸಿದವಳಲ್ಲ. ನಾನು ಕುಡಿಸಿದೆ, ಇಲಿಗೆ.

ಆರು ಹೆಣ್ಣಿಲಿ, ಮೂರು ಮೂರರಂತೆ ಎರಡು ಸಲ. ರಾತ್ರಿ ಉಪವಾಸ. ಬೆಳಿಗ್ಗೆ ಕುತ್ತಿಗೆಯ ಚರ್ಮ ಹಿಡಿದು, ಗಂಟಲಿಗೆ ಕೊಳವೆ ಇಳಿಸಿ, ಕೆ.ಜಿ. ತೂಕಕ್ಕೆ 2000 ಮಿ.ಗ್ರಾಂ ಲೆಕ್ಕದಲ್ಲಿ ಒಂದೇ ಡೋಸ್. ಮನುಷ್ಯನ ಲೆಕ್ಕಕ್ಕೆ ತರಲು ಇಲಿಯ ಈ ಡೋಸನ್ನು 6.2ರಿಂದ ಭಾಗಿಸುತ್ತಾರೆ. 60 ಕೆ.ಜಿ. ಆಳಿಗೆ ಹತ್ತಿರಹತ್ತಿರ 19 ಗ್ರಾಂ ಆಯಿತು. ಆಮೇಲೆ 14 ದಿನ ನೋಡುತ್ತಾ ಕೂರುವುದು. ಒಂದೂ ಸಾಯಲಿಲ್ಲ. ಕೊನೆಗೆ ನಾವೇ ಕೊಂದು, ಕೊಯ್ದು ನೋಡಿದೆವು. ಪ್ರಬಂಧದಲ್ಲಿ ಒಂದೇ ಸಾಲು: 'ಸುರಕ್ಷಿತ'.

ಆ ಸಾಲು ಈಗಲೂ ಚುಚ್ಚುತ್ತದೆ. ಇಲಿಗೆ ವಾಂತಿ ಮಾಡಲು ಬರುವುದೇ ಇಲ್ಲ ಗೊತ್ತಾ? ಹೊಟ್ಟೆ ತೊಳಸಿದರೂ ನಮಗೆ ಹೇಗೆ ತಿಳಿಯಬೇಕು! ಒಂದು ಸಲ ಜಾಸ್ತಿ ಕುಡಿದರೆ ಸಾಯುತ್ತದಾ ಅಂತ ಕೇಳಿದ್ದೆವು. ದಿನಾ ಸ್ವಲ್ಪ ತಿಂದರೆ ಲಿವರ್ ಏನಾಗುತ್ತೆ ಅಂತ ಕೇಳಲೇ ಇಲ್ಲ. ಅದಕ್ಕೆ 28 ದಿನದ, 90 ದಿನದ ಟೆಸ್ಟ್ ಬೇರೆ ಇವೆ. ದಿನಾ ಕೊಡಬೇಕು, ರಕ್ತದಲ್ಲಿ ಲಿವರ್ ಸ್ಥಿತಿ ಹೇಳುವ ಎಸ್‌ಜಿಪಿಟಿ, ಕಿಡ್ನಿ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಬೇಕು, ಲಿವರ್, ಕಿಡ್ನಿಯ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿ ಇಡಬೇಕು. ಅದಕ್ಕೆ ದುಡ್ಡೂ ಇರಲಿಲ್ಲ, ಟೈಮೂ ಇರಲಿಲ್ಲ.

ಅದನ್ನು ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಲ್ಯಾಬಿನ ಇಲಿಗಳು ಎಲ್ಲಾ ಒಂದೇ ತಳಿ, ಎಳೆ ವಯಸ್ಸು, ಗಟ್ಟಿಮುಟ್ಟು. ಚಿಕ್ಕಪ್ಪನಿಗೆ 64. ಶುಗರ್ ಮಾತ್ರೆ, ಬಿಪಿ ಮಾತ್ರೆ ಎರಡೂ ಇವೆ. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ತಿಂದು ಲಿವರ್ ಕೆಟ್ಟ ಆರು ಜನರ ಬಗ್ಗೆ ಬರೆದರು. ಅದು ಅಮೃತಬಳ್ಳಿಯೇ ಅಲ್ಲದಿರಬಹುದು, ಅದೇ ಕುಲದ ಇನ್ನೊಂದು ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ವಾದಿಸಿತು. ಇರಲಿ ಬಿಡಿ. ಡಬ್ಬಿಯಲ್ಲಿ ಯಾವ ಬಳ್ಳಿ ಇದೆ ಅಂತ ಚಿಕ್ಕಪ್ಪ ಹೇಗೆ ಕಂಡುಹಿಡಿಯಬೇಕು?

ಇಲಿ ಪರೀಕ್ಷೆಯೇ ಬೇಡ ಅನ್ನುವವನಲ್ಲ ನಾನು. ಆದರೆ ಈಗಾಗಲೇ ಉತ್ತರ ಇರುವ ಸೊಪ್ಪಿಗೆ, ಬರೀ ಡಿಗ್ರಿಗೋಸ್ಕರ ಮತ್ತೆ ಆರು ಇಲಿ ಕೊಲ್ಲುವುದು ತಪ್ಪು. ನಾನು ಮಾಡಿದ್ದೂ ಅದೇ.

ಚಿಕ್ಕಪ್ಪ ಲಿವರ್ ಟೆಸ್ಟಿಗೆ ರಕ್ತ ಕೊಡಲು ಒಪ್ಪಿದ್ದಾರೆ. ಸೋಮವಾರ ಹೋಗುತ್ತಾರಂತೆ. ಡಬ್ಬಿ ಮಾತ್ರ ಇನ್ನೂ ಟಿವಿ ಪಕ್ಕದಲ್ಲೇ ಇದೆ.