ಅಣ್ಣಾವ್ರ ಸುತ್ತ ಕಾಮನಬಿಲ್ಲು

ನ್ಯೂಜೆರ್ಸಿಯ ಚಳಿಗಾಲದಲ್ಲಿ, ಊರಿಂದ ಬಂದ ಅತ್ತೆ ಮಾವನವರಿಗೆ ಟಿವಿ ಬಿಟ್ಟರೆ ಬೇರೆ ಗತಿ ಇಲ್ಲ. ಹೊರಗೆ ಹಿಮ. ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ತರಕಾರಿ ಅಂಗಡಿಯೂ ಇಲ್ಲ. ಪಕ್ಕದ ಮನೆಯವರು "ಹಾಯ್" ಅಂದು ಬಾಗಿಲು ಹಾಕಿಕೊಳ್ಳುತ್ತಾರೆ. 2005ರ ಕೊನೆಯಲ್ಲಿ ಇಬ್ಬರೂ ಮೈಸೂರಿನಿಂದ ನಮ್ಮ ಎಡಿಸನ್ ಮನೆಗೆ ಬಂದಾಗ ನಮ್ಮಲ್ಲಿ ಇದ್ದದ್ದು 27 ಇಂಚಿನ ಹಳೇ ಟಿವಿ. ಅತ್ತೆ ಎರಡು ದಿನ ಸುಮ್ಮನಿದ್ದರು. ಆಮೇಲೆ ಮಗಳ ಹತ್ತಿರ, ನನಗೂ ಕೇಳಿಸುವ ಹಾಗೆ, "ನಮ್ಮನೇಲೇ 29 ಇಂಚಿಂದು ಇದೆಯಲ್ಲೇ" ಅಂದರು.

ಅಲ್ಲಿಗೆ ದೊಡ್ಡ ಟಿವಿ ತರುವುದು ಅಂತ ತೀರ್ಮಾನ ಆಯಿತು.

ಈಗಿನವರಿಗೆ ಇದು ಅರ್ಥ ಆಗುವುದು ಕಷ್ಟ. ಆಗ ಗೋಡೆಗೆ ನೇತುಹಾಕುವ ಟಿವಿ ಇರಲಿಲ್ಲ ಅಂತಲ್ಲ. ಇತ್ತು, ಅದರ ಬೆಲೆ ನೋಡಿದರೆ ನಾವೇ ನೇತುಹಾಕಿಕೊಳ್ಳಬೇಕಿತ್ತು. ನಮ್ಮಂಥವರ ದೊಡ್ಡ ಟಿವಿ ಅಂದರೆ ರಿಯರ್ ಪ್ರೊಜೆಕ್ಷನ್. ಡಬ್ಬದ ಒಳಗೇ ಒಂದು ಪ್ರೊಜೆಕ್ಟರ್, ಅದರ ಬೆಳಕನ್ನು ತಿರುಗಿಸಲು ಒಂದು ಕನ್ನಡಿ, ಚಿತ್ರ ಪರದೆಯ ಹಿಂದಿನಿಂದ ಬಂದು ಬೀಳುತ್ತದೆ. ಇದರಲ್ಲೂ ನಾಲ್ಕು ಜಾತಿ. ಆಫೀಸಿನ ಗೆಳೆಯರಲ್ಲಿ ಒಬ್ಬೊಬ್ಬರದು ಒಂದೊಂದು ಪಂಥ. ಮದುವೆಗೆ ಹುಡುಗಿ ನೋಡುವಾಗಲೂ ನನಗೆ ಇಷ್ಟು ಜನ ಬುದ್ಧಿ ಹೇಳಿರಲಿಲ್ಲ.

ಮಾವನವರು ಕೆಇಬಿಯಲ್ಲಿ ಇಂಜಿನಿಯರ್ ಆಗಿದ್ದವರು. ಕೆಇಬಿ ಹೋಗಿ ಕೆಪಿಟಿಸಿಎಲ್ ಆಗುವ ಮೊದಲೇ ನಿವೃತ್ತರಾದರು. ಕರೆಂಟಿಗೆ ಸಂಬಂಧಪಟ್ಟ ಯಾವುದನ್ನೂ ಇನ್ಸ್‌ಪೆಕ್ಷನ್ ಮಾಡದೆ ಒಳಗೆ ಬಿಡುವವರಲ್ಲ. ಅಂಗಡಿಗೆ ಹೊರಟಾಗ ಜರ್ಕಿನ್, ಮಂಕಿ ಕ್ಯಾಪ್, ಜೇಬಲ್ಲಿ ಒಂದು ಅಳತೆ ಟೇಪು.

ಅಂಗಡಿಯ ಟಿವಿ ವಿಭಾಗದಲ್ಲಿ ದೀಪ ಆರಿಸಿದ್ದರು. ಎಲ್ಲ ಟಿವಿಗಳಲ್ಲೂ ಒಂದೇ ಮೀನು ಈಜುತ್ತಿತ್ತು. ಮೀನು ಮುಗಿದ ಮೇಲೆ ಹೂವು, ಹೂವು ಮುಗಿದ ಮೇಲೆ ಹವಾಯಿಯ ಸಮುದ್ರ. ಬ್ರೈಟ್‌ನೆಸ್ ಎಷ್ಟು ಜಾಸ್ತಿ ಇಟ್ಟಿದ್ದರೆಂದರೆ ಅತ್ತೆ ಸೆರಗು ಅಡ್ಡ ಹಿಡಿದರು.

ಮೊದಲು ನೋಡಿದ್ದು ಹಳೇ ಕಾಲದ ಸಿಆರ್‌ಟಿ, ಅಂದರೆ ಪಿಕ್ಚರ್ ಟ್ಯೂಬ್ ಜಾತಿಯದು. ಒಳಗೆ ಕೆಂಪು, ಹಸಿರು, ನೀಲಿಗೆ ಒಂದೊಂದು ಟ್ಯೂಬು. ಕಪ್ಪು ಅಂದರೆ ಕಾಡಿಗೆ ಕಪ್ಪು, ಬೆಲೆಯೂ ಕಮ್ಮಿ. ಆದರೆ ಗಾತ್ರದಲ್ಲಿ ಗೋದ್ರೇಜ್ ಬೀರುವನ್ನು ಅಡ್ಡ ಮಲಗಿಸಿದ ಹಾಗೆ. ಮೂರು ಟ್ಯೂಬಿನ ಚಿತ್ರ ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಎಲ್ಲರ ಮೂಗಿಗೂ ಕೆಂಪು ಅಂಚು ಬರುತ್ತದೆ. ಆಗಾಗ ಕನ್ವರ್ಜೆನ್ಸ್ ಸರಿ ಮಾಡಿಕೊಳ್ಳಬೇಕು ಅಂದ ಸೇಲ್ಸ್ ಹುಡುಗ. ಮಾವ ಟೇಪು ತೆಗೆದು ಅಳೆದರು. "ಇದು ಮನೆ ಒಳಗೆ ಬರಬೇಕಾದರೆ ನಿಮ್ಮ ಬಾಗಿಲು ಆಚೆ ಹೋಗಬೇಕು, ಅಳಿಯಂದ್ರೇ" ಅಂದರು.

ಮುಂದಿನದು ಡಿಎಲ್‌ಪಿ. ನನ್ನ ಮನಸ್ಸು ಇದ್ದದ್ದು ಇದರ ಮೇಲೇ. ಉಗುರಿನಷ್ಟು ಎಲೆಕ್ಟ್ರಾನಿಕ್ ಚಿಪ್ಪಿನ ಮೇಲೆ 1280ಕ್ಕೆ 720, ಅಂದರೆ ಒಂಬತ್ತು ಲಕ್ಷಕ್ಕೂ ಮೇಲೆ ಪುಟಾಣಿ ಕನ್ನಡಿಗಳು. ಒಂದೊಂದೂ ಸೆಕೆಂಡಿಗೆ ಸಾವಿರಾರು ಸಲ ಆ ಕಡೆ ಈ ಕಡೆ ವಾಲುತ್ತದೆ. 1987ರಲ್ಲಿ ಇದನ್ನು ಕಂಡುಹಿಡಿದ ಲ್ಯಾರಿ ಹಾರ್ನ್‌ಬೆಕ್ ಕೆಲಸ ಮಾಡುತ್ತಿದ್ದದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ. 1985ರಲ್ಲೇ ಬೆಂಗಳೂರಿಗೆ ಬಂದ ಕಂಪನಿ ಅದು ಅಂತ ನಾನು ಒಂದು ಮಾತು ಸೇರಿಸಿದೆ. "ಹಾಗಾದರೆ ನಮ್ಮೋರೇ" ಅಂದು ಮಾವ ಸ್ವಲ್ಪ ಕರಗಿದರು.

ಪಕ್ಕದಲ್ಲಿ ಅದಕ್ಕಿಂತ ದುಬಾರಿಯ 1080ಪಿ ಇತ್ತು. ಪರದೆಯ ಮೇಲೆ ಚುಕ್ಕಿಗಳು ಇಪ್ಪತ್ತು ಲಕ್ಷ, ಆದರೆ ಕನ್ನಡಿ ಅದರ ಅರ್ಧ ಮಾತ್ರ. ಒಂದೇ ಕನ್ನಡಿಯ ಬೆಳಕನ್ನು ಚೂರು ಪಕ್ಕಕ್ಕೆ ಸರಿಸಿ ಎರಡು ಚುಕ್ಕಿಯ ಕೆಲಸ ಮಾಡಿಸುತ್ತಾರೆ. ಮಾವನವರಿಗೆ ಇದು ತಕ್ಷಣ ಅರ್ಥ ಆಯಿತು. "ಗೊತ್ತಾಯ್ತು. ಪೋಸ್ಟ್ ಖಾಲಿ ಇದೆ, ಒಬ್ಬನಿಗೇ ಎರಡು ಸಬ್ ಡಿವಿಷನ್ ಇನ್‌ಚಾರ್ಜ್ ಕೊಟ್ಟಿದಾರೆ." ವೊಬ್ಯುಲೇಶನ್ ಅನ್ನುವ ಈ ತಂತ್ರದ ಬಗ್ಗೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಆಮೇಲೂ ಎಲ್ಲೂ ಕೇಳಿಲ್ಲ.

ನಂತರ ಬಲ್ಬಿನ ವಿಷಯ ಬಂತು. ಈ ಟಿವಿಗಳಿಗೆ ಒಳಗೊಂದು ಬಲ್ಬು ಇರುತ್ತದೆ. ಎಷ್ಟು ವ್ಯಾಟ್? 120. ಎಷ್ಟು ದಿನ ಬಾಳಿಕೆ? ಸುಮಾರು 6,000 ಗಂಟೆ. ಹೊಸದಕ್ಕೆ ಎಷ್ಟು? ಇನ್ನೂರೈವತ್ತು ಡಾಲರ್ ಆಗಬಹುದು ಅಂದ ಹುಡುಗ. ಮಾವ ಕಣ್ಣು ಮುಚ್ಚಿ 44ರಿಂದ ಗುಣಿಸಿದರು. "ಹನ್ನೊಂದು ಸಾವಿರ ರೂಪಾಯಿ! ಬಲ್ಬಿಗೆ! ಊರಲ್ಲಿ ಅಷ್ಟಕ್ಕೆ ಟಿವೀನೇ ಬರುತ್ತೆ, ಬಲ್ಬ್ ಇಲ್ಲದೇ ಇರೋದು." ದಿನಕ್ಕೆ ಐದು ಗಂಟೆ ನೋಡಿದರೆ ಮೂರೂಕಾಲು ವರ್ಷ ಅಂತಲೂ ಲೆಕ್ಕ ಹಾಕಿ ಕೊಟ್ಟರು.

ಅಷ್ಟರಲ್ಲಿ ಅವರಿಗೆ ಇನ್ನೊಂದು ಸಂಶಯ ಬಂತು. ಟಿವಿ ಮುಂದೆ ಕೂತರು, ಎದ್ದರು. ಮತ್ತೆ ಕೂತರು, ಮತ್ತೆ ಎದ್ದರು. "ನಿಂತರೆ ಮಬ್ಬು, ಕೂತರೆ ಚೆನ್ನ." ನಿಜವೇ. ಈ ಟಿವಿಗಳ ಪರದೆ, ಬೆಳಕನ್ನು ಸೋಫಾದಲ್ಲಿ ಕೂತವರ ಕಣ್ಣಿನ ಮಟ್ಟಕ್ಕೇ ಜಾಸ್ತಿ ಕಳಿಸುತ್ತದೆ. ಆದರೆ ನಮ್ಮ ಮನೆಯಲ್ಲಿ ಅತ್ತೆ ಟಿವಿ ನೋಡುವುದೇ ಅಡುಗೆ ಕಟ್ಟೆಯ ಹತ್ತಿರ ನಿಂತು, ಚಪಾತಿ ಲಟ್ಟಿಸುತ್ತಾ. ಹಾಗಾಗಿ ಮಾವ ಸಾಲಿನಲ್ಲಿದ್ದ ಒಂದೊಂದು ಟಿವಿ ಮುಂದೆಯೂ ಬಸ್ಕಿ ಹೊಡೆಯುತ್ತಾ ಹೋದರು. ಸೇಲ್ಸ್ ಹುಡುಗ ಇದು ಯಾವುದೋ ಪೂಜೆ ಅಂದುಕೊಂಡು ಗೌರವದಿಂದ ಎರಡು ಹೆಜ್ಜೆ ಹಿಂದೆ ಸರಿದ.

ನಾನು ಡಿಎಲ್‌ಪಿಗೆ ಕಾರ್ಡು ತೆಗೆಯುವಷ್ಟರಲ್ಲಿ ಮಾವ ಕೈ ಅಡ್ಡ ಇಟ್ಟರು. "ಮೀನು ನೋಡೋಕಾ ಟಿವಿ ತಗೊಳ್ಳೋದು? ನಾವು ನೋಡೋದನ್ನ ಹಾಕೋಕೆ ಹೇಳಿ." ಜರ್ಕಿನ್ ಜೇಬಿನಿಂದ ಒಂದು ಡಿವಿಡಿ ಹೊರಗೆ ಬಂತು. ಹಿಂದಿನ ದಿನ ಓಕ್ ಟ್ರೀ ರೋಡಿನ ಅಂಗಡಿಯಲ್ಲಿ ಕೊಂಡ, ರಾಜ್‌ಕುಮಾರ್ ಅವರ ಕಪ್ಪು ಬಿಳುಪು ಸಿನಿಮಾ. ಹುಡುಗ ಮರುಮಾತಿಲ್ಲದೆ ಹಾಕಿದ.

ಹವಾಯಿ ಹೋಗಿ ಅಣ್ಣಾವ್ರು ಬಂದರು. ಅಡ್ಡಡ್ಡ ಬಂದರು. ಹಳೇ ಸಿನಿಮಾದ ಚಿತ್ರ ನಾಲ್ಕಕ್ಕೆ ಮೂರು, ಟಿವಿ ಹದಿನಾರಕ್ಕೆ ಒಂಬತ್ತು. ಅದು ಎರಡೂ ಕಡೆ ಎಳೆದು ತುಂಬಿಸಿತ್ತು. "ಅಯ್ಯೋ, ಇಷ್ಟು ದಪ್ಪ ಯಾವಾಗ ಆದ್ರು ಇವರು?" ಅಂದರು ಅತ್ತೆ. ಹುಡುಗ ಒಂದು ಬಟನ್ ಒತ್ತಿ ಸರಿ ಮಾಡಿದ. ಅಣ್ಣಾವ್ರು ತೆಳ್ಳಗಾದರು, ಆದರೆ ಎರಡೂ ಪಕ್ಕ ಕಪ್ಪು ಪಟ್ಟಿ. "ದುಡ್ಡು ಕೊಟ್ಟ ಜಾಗ ಖಾಲಿ ಬಿಡೋದಾ?" ಇದು ಮಾವ.

ಆಗಲೇ ನನ್ನ ಹೆಂಡತಿ ಅಂದಳು: "ರೀ, ಅಣ್ಣಾವ್ರ ಪಂಚೆ ಅಂಚಿಗೆ ಕಾಮನಬಿಲ್ಲು ಬರ್ತಿದೆ."

ಕಪ್ಪು ಬಿಳುಪು ಸಿನಿಮಾದಲ್ಲಿ ಎಲ್ಲಿಯ ಕಾಮನಬಿಲ್ಲು? ನನಗೆ ಏನೂ ಕಾಣಲಿಲ್ಲ. ಮಾವನಿಗೂ ಕಾಣಲಿಲ್ಲ. ಅತ್ತೆಗೆ ಕಂಡಿತು, ಅಥವಾ ಮಗಳ ಪಕ್ಷ ವಹಿಸಿದರು. ಹುಡುಗ ಮುಖ ಸಣ್ಣ ಮಾಡಿಕೊಂಡು ಒಪ್ಪಿಕೊಂಡ. ಒಂದೇ ಚಿಪ್ಪಿನ ಡಿಎಲ್‌ಪಿಯಲ್ಲಿ ಬಣ್ಣದ ಚಕ್ರವೊಂದು ಗಿರಗಿರ ತಿರುಗುತ್ತಾ ಕೆಂಪು, ಹಸಿರು, ನೀಲಿಯನ್ನು ಒಂದಾದ ಮೇಲೊಂದು ಕಳಿಸುತ್ತದೆ. ಹೆಚ್ಚಿನವರ ಕಣ್ಣಿಗೆ ಅದು ಸೇರಿಹೋಗುತ್ತದೆ. ಕೆಲವರಿಗೆ, ಅದರಲ್ಲೂ ಕಪ್ಪಿನ ಮೇಲೆ ಬಿಳಿ ಇದ್ದು ಕಣ್ಣು ಸರಕ್ಕನೆ ಹೊರಳಿದರೆ, ಬಣ್ಣಗಳು ಬಿಡಿಬಿಡಿಯಾಗಿ ಮಿಂಚುತ್ತವೆ. ಇನ್ನು ಅಣ್ಣಾವ್ರ ಬಿಳಿ ಪಂಚೆ ಕತ್ತಲಲ್ಲಿ ಓಡಾಡಿದರೆ ಕೇಳಬೇಕೇ? ಒಂಬತ್ತು ಲಕ್ಷ ಕನ್ನಡಿಗೂ ಮುಖ ತೋರಿಸದೆ ನಾನು ಕಾರ್ಡು ಒಳಗಿಟ್ಟೆ. ನನಗೆ ಕಾಣದ ಕಾಮನಬಿಲ್ಲಿನ ಬಗ್ಗೆ ಹೆಂಡತಿಯ ಜೊತೆ ವಾದ ಮಾಡುವ ಧೈರ್ಯ ಯಾರಿಗಿದೆ, ಹೇಳಿ.

ಇನ್ನೊಂದು ಜಾತಿ, ಸೋನಿಯವರ ಎಸ್‌ಎಕ್ಸ್‌ಆರ್‌ಡಿಯೂ ಅಲ್ಲೇ ಇತ್ತು. ಮೂರು ಚಿಪ್ಪು, ಚಕ್ರ ಇಲ್ಲ, ಕಣ್ಣಿಗೆ ಹಬ್ಬ. ಬೆಲೆ ಓದಿ ನಾವು ನಾಲ್ವರೂ ಒಟ್ಟಿಗೆ ಮುಂದಕ್ಕೆ ನಡೆದೆವು.

ಕೊನೆಗೆ ಮನೆಗೆ ಬಂದದ್ದು 50 ಇಂಚಿನ ಎಲ್‌ಸಿಡಿ ರಿಯರ್ ಪ್ರೊಜೆಕ್ಷನ್. ಕಾಮನಬಿಲ್ಲಿಲ್ಲ, ಆದರೆ ಕಪ್ಪು ಪೂರ್ತಿ ಕಪ್ಪಲ್ಲ, ಬೂದಿ ಬಣ್ಣ. ಬಿಲ್ ಮಾಡುವಾಗ ಹುಡುಗ ಚಿನ್ನದ ಲೇಪನದ ಕೇಬಲ್ ತಗೊಳ್ಳಿ, ನೂರು ಡಾಲರ್ ಅಂದ. "ಚಿನ್ನ ಎಷ್ಟು ಗ್ರಾಂ ಇದೆ?" ಅಂತ ಅತ್ತೆ ಕೇಳಿದ್ದನ್ನು ನಾನು ಇಂಗ್ಲಿಷಿಗೆ ಅನುವಾದ ಮಾಡಲಿಲ್ಲ.

ಬಲ್ಬು ಹೋಗಿದ್ದು 2009ರಲ್ಲಿ. ಅಷ್ಟರಲ್ಲಿ ತೆಳ್ಳನೆ ಟಿವಿಗಳ ಬೆಲೆ ಇಳಿದು, ದೊಡ್ಡ ಕಂಪನಿಗಳು ಒಂದೊಂದಾಗಿ ರಿಯರ್ ಪ್ರೊಜೆಕ್ಷನ್ ನಿಲ್ಲಿಸಿದ್ದವು. ಮೈಸೂರಿಗೆ ಫೋನ್ ಮಾಡಿ ಹೇಳಿದರೆ ಮಾವ ಸಿಕ್ಕಲಿಲ್ಲ. ಎದುರು ಮನೆಯವರು ಎಲ್‌ಸಿಡಿ ಟಿವಿ ತಗೊಳ್ಳುತ್ತಾರೆ, "ಅಮೆರಿಕಾದಲ್ಲಿ ನೋಡಿ ಬಂದವರು" ಅಂತ ಇವರನ್ನು ಕರೆದುಕೊಂಡು ಹೋಗಿದ್ದರಂತೆ. ಸಂಜೆ ಅತ್ತೆಯೇ ತಿರುಗಿ ಫೋನ್ ಮಾಡಿ ವರದಿ ಕೊಟ್ಟರು: "ಅಲ್ಲೂ ಅದೇ ಡಿವಿಡಿ, ಅದೇ ಬಸ್ಕಿ. ಅಂಗಡಿಯವನು ಪಾಪ, ಮಂಡಿ ನೋವು ಅಂದ್ಕೊಂಡು ಕುರ್ಚಿ ತಂದುಕೊಟ್ನಂತೆ."