ಕೈಯಂದಾಜಿಗೆ ಸಿಕ್ಕಿದ ಜೀವಶಾಸ್ತ್ರ

ಒಗ್ಗರಣೆಗೆ ಸಾಸಿವೆ ಎಷ್ಟು ಎಂದು ಕೇಳಿದರೆ "ಒಂದಿಷ್ಟು" ಎನ್ನುವ ಜನ ನಾವು. ಹುಣಸೆಹಣ್ಣು ನಿಂಬೆಗಾತ್ರ, ಇಂಗು ಚಿಟಿಕೆ, ಉಪ್ಪು ರುಚಿಗೆ ತಕ್ಕಷ್ಟು. ಇಂಥ ಕೈಯನ್ನೇ ಹೊತ್ತುಕೊಂಡು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನ ಜೀವಶಾಸ್ತ್ರದ ಲ್ಯಾಬಿಗೆ ಹೋದರೆ ಅಲ್ಲಿ ಒಂದು ಪಿಪೆಟ್ ಕೊಡುತ್ತಾರೆ. ಅದು ಹೀರುವುದೇ ಹೆಚ್ಚೆಂದರೆ 20 ಮೈಕ್ರೋಲೀಟರ್. ಸೌಟಿನಿಂದ ತೊಟ್ಟಿಕ್ಕುವ ಒಂದೇ ಒಂದು ಹನಿ ಸಾರು ಇದರ ಎರಡು ಪಾಲಿಗಿಂತ ದೊಡ್ಡದು.

ಫ್ರೀಮಾಂಟ್‌ನ ಓಲೋನಿ, ಸಾಂತಾ ಕ್ಲಾರಾದ ಮಿಷನ್, ಇಂಥ ಕಾಲೇಜುಗಳ ಸುತ್ತಮುತ್ತ ಕನ್ನಡದವರ ಮನೆಗಳಿಗೆ ಕೊರತೆಯಿಲ್ಲ. ಗಂಡನದೋ ಹೆಂಡತಿಯದೋ ಕೆಲಸದ ವೀಸಾದ ಬೆನ್ನಿಗೆ ಬಂದವರು, ಊರಲ್ಲಿ ಬಿಕಾಂ, ಬಿಇ ಮಾಡಿ ಈಗ ನರ್ಸಿಂಗೋ ಡೆಂಟಲ್ ಹೈಜೀನೋ ಓದೋಣವೆಂದು ಹೊರಟವರು ಮೊದಲು ದಾಟಬೇಕಾದ ಹೊಸ್ತಿಲು ಈ ಆರಂಭಿಕ ಜೀವಶಾಸ್ತ್ರ. ಅದಾದ ಮೇಲೆಯೇ ಅಂಗರಚನೆ, ಮೈಕ್ರೋಬಯಾಲಜಿ. ಸೆಮಿಸ್ಟರ್ ಕಾಲೇಜಿನಲ್ಲಿ ಇದು ಸಾಮಾನ್ಯವಾಗಿ 4 ಯೂನಿಟ್‌ನ ವಿಷಯ: ವಾರಕ್ಕೆ ಮೂರು ಗಂಟೆ ಪಾಠ, ಮೂರು ಗಂಟೆ ಲ್ಯಾಬು. ಆ ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್, ಒಟ್ಟು 184. ಅಗ್ಗವಾಯಿತಲ್ಲ ಎಂದು ಹಿಗ್ಗುವುದು ಪುಸ್ತಕದ ಬೆಲೆ ನೋಡುವ ತನಕ. ನಿವಾಸಿ ಎನಿಸಿಕೊಳ್ಳಲು ಅಲ್ಲಿ ನೆಲೆಸಿ ಒಂದು ವರ್ಷದ ಮೇಲೆ ಒಂದು ದಿನ ಆಗಿರಬೇಕು. ಆ ಒಂದು ದಿನದ ಲೆಕ್ಕ ನೋಡಿದರೆ ಕಾಲೇಜಿನಲ್ಲೂ ಯಾರೋ ಪಂಚಾಂಗ ಇಟ್ಟುಕೊಂಡು ಕೂತಿರಬೇಕು ಅನ್ನಿಸುತ್ತದೆ.

ಮೊದಲ ಅವಘಡಕ್ಕೂ ಜೀವಶಾಸ್ತ್ರಕ್ಕೂ ಸಂಬಂಧವಿಲ್ಲ. ಅದು ಚಪ್ಪಲಿಯದು. ಬೆರಳು ಕಾಣುವ ಪಾದರಕ್ಷೆ ಹಾಕಿ ಬಂದವರನ್ನು ಲ್ಯಾಬಿನ ಒಳಗೆ ಬಿಡುವುದಿಲ್ಲ, ಮೂರು ಗಂಟೆಯ ಹಾಜರಿ ಹೋಯಿತು ಎಂದೇ ಲೆಕ್ಕ. ಕಾರಿನ ಡಿಕ್ಕಿಯಲ್ಲಿ ಒಂದು ಜೊತೆ ಹಳೇ ಶೂ ಬಿದ್ದಿರಲಿ. ಎರಡನೆಯದು ಎದ್ದು ನಿಲ್ಲುವುದು. ಮೇಷ್ಟ್ರು ಒಳಗೆ ಬಂದೊಡನೆ ಹದಿನೈದು ವರ್ಷದ ಶಾಲೆಯ ಅಭ್ಯಾಸ ಮೊಣಕಾಲನ್ನು ತಾನಾಗಿ ನೆಟ್ಟಗೆ ಮಾಡುತ್ತದೆ. ಪಕ್ಕದಲ್ಲಿ ಕೂತ ಹದಿನೇಳರ ಹುಡುಗ, ಹೈಸ್ಕೂಲಿನಿಂದಲೇ ಬಂದು ಕಾಲೇಜಿನ ಕ್ರೆಡಿಟ್ ಗಿಟ್ಟಿಸಿಕೊಳ್ಳುತ್ತಿರುವವನು, ಬೆಂಕಿಗಿಂಕಿ ಬಿತ್ತೇ ಎಂದು ಬಾಗಿಲ ಕಡೆ ನೋಡುತ್ತಾನೆ. ಮೇಷ್ಟ್ರು ತಮ್ಮನ್ನು ಹೆಸರು ಹಿಡಿದು ಕರೆಯಿರಿ ಎನ್ನುತ್ತಾರೆ. ನಮ್ಮ ನಾಲಿಗೆ ಅದಕ್ಕೆ ಒಪ್ಪುವುದಿಲ್ಲ. "ಸರ್" ಅಲ್ಲಿ ಪೊಲೀಸರಿಗೆ ಹೇಳಿದ ಹಾಗೆ ಕೇಳುತ್ತದೆ. "ಪ್ರೊಫೆಸರ್" ಎಂದರೆ ಎರಡೂ ಕಡೆಯ ಮರ್ಯಾದೆ ಉಳಿಯುತ್ತದೆ. ಇನ್ನೊಂದು ಮಾತು. ಲ್ಯಾಬಿನ ಚಿತ್ರಗಳನ್ನೆಲ್ಲ ಪೆನ್ಸಿಲಿನಲ್ಲೇ ಬರೆಯಬೇಕು, ಅಳಿಸಬೇಕಾಗಿ ಬಂದೇ ಬರುತ್ತದೆ. ಆಗ ಪಕ್ಕದವರ ಹತ್ತಿರ "ರಬ್ಬರ್ ಇದೆಯಾ" ಎಂದು ಕೇಳಬೇಡಿ. ಆ ದೇಶದಲ್ಲಿ ಆ ಮಾತಿಗಿರುವ ಅರ್ಥ ಸಂತಾನೋತ್ಪತ್ತಿಯ ಪಾಠದಲ್ಲಿ ಬರುತ್ತದೆ. "ಇರೇಸರ್" ಅನ್ನಿ.

ಇನ್ನು ಮೈಕ್ರೋಸ್ಕೋಪು. ಕಣ್ಣಿಡುವ ಮಸೂರ 10 ಪಟ್ಟು ಹಿಗ್ಗಿಸುತ್ತದೆ, ಕೆಳಗಿನವು 4, 10 ಮತ್ತು 40 ಪಟ್ಟು. ಎರಡನ್ನೂ ಗುಣಿಸಿದರೆ 40, 100, 400. ಎಲ್ಲರಿಗೂ 400ರಲ್ಲೇ ಶುರು ಮಾಡುವ ಆಸೆ, ಅಲ್ಲೇ ಎಡವಟ್ಟು. 4ರ ಮಸೂರದಲ್ಲಿ ಕಾಣುವ ವೃತ್ತದ ಅಗಲ ಸುಮಾರು 4.5 ಮಿಲಿಮೀಟರ್. 40ರಲ್ಲಿ ಅದು 0.45ಕ್ಕೆ ಇಳಿಯುತ್ತದೆ. ಅಂಗಳದಲ್ಲಿ ಬಿದ್ದ ಸೂಜಿಯನ್ನು ಹುಲ್ಲುಕಡ್ಡಿಯ ತೂತಿನಲ್ಲಿ ನೋಡಿ ಹುಡುಕಿದ ಹಾಗೆ. ಜೊತೆಗೆ 40ರ ಮಸೂರದ ಮೂತಿಗೂ ಗಾಜಿಗೂ ನಡುವೆ ಅರ್ಧ ಮಿಲಿಮೀಟರಿನಷ್ಟು ಜಾಗವೂ ಕಷ್ಟ. ಅಲ್ಲಿ ದೊಡ್ಡ ತಿರುಪು ತಿರುಗಿಸಿದರೆ ಮೊದಲು "ಕಟ್" ಅನ್ನುವುದು ಕವರ್ ಸ್ಲಿಪ್, ಆಮೇಲೆ ಲ್ಯಾಬಿನವರ ಮುಖ. ಆದ್ದರಿಂದ 4ರಲ್ಲಿ ದೊಡ್ಡ ತಿರುಪಿನಿಂದ ಹುಡುಕಿ, ವಸ್ತುವನ್ನು ನಟ್ಟನಡುವೆ ತಂದು, ಮಸೂರ ಬದಲಿಸಿ, ಅಲ್ಲಿಂದಾಚೆಗೆ ಸಣ್ಣ ತಿರುಪನ್ನು ಮಾತ್ರ ಮುಟ್ಟುವುದು. ನಡುವೆ ತಾರದೆ ಮಸೂರ ಬದಲಿಸಿದರೆ ಖಾಲಿ ಬೆಳಕು ಕಾಣುತ್ತದೆ. ಅದನ್ನು ಕಂಡು "ನನ್ನ ಮೈಕ್ರೋಸ್ಕೋಪ್ ಕೆಟ್ಟಿದೆ" ಎಂದು ಕೈಯೆತ್ತುವವರು ಪ್ರತಿ ಬ್ಯಾಚಿನಲ್ಲೂ ನಾಲ್ಕು ಜನ.

ಬಿಂಬ ತಲೆಕೆಳಗಾಗಿರುತ್ತದೆ, ಎಡಬಲವೂ ಅದಲುಬದಲು. ಸ್ಲೈಡನ್ನು ಬಲಕ್ಕೆ ತಳ್ಳಿದರೆ ಒಳಗಿನದು ಎಡಕ್ಕೆ ಓಡುತ್ತದೆ. ಕನ್ನಡಿ ನೋಡಿಕೊಂಡು ಕತ್ತರಿಯಲ್ಲಿ ಮೀಸೆ ಸವರುವವರಿಗೆ ಇದರ ಅರ್ಧ ತರಬೇತಿ ಮನೆಯಲ್ಲೇ ಆಗಿರುತ್ತದೆ.

ಈರುಳ್ಳಿಯ ಪಾಠಕ್ಕೆ ಬಂದಾಗ ನಮ್ಮವರ ಮುಖ ಅರಳುತ್ತದೆ. ಈರುಳ್ಳಿ ಹೆಚ್ಚುವುದು ಬರದೇ? ಆದರೆ ಬೇಕಾದದ್ದು ಹೆಚ್ಚಿದ ಚೂರಲ್ಲ, ಪದರದ ಒಳಮೈಗೆ ಅಂಟಿಕೊಂಡಿರುವ ತೆಳು ಪೊರೆ. ಪದರವನ್ನು ಹಿಮ್ಮುಖವಾಗಿ ಮಡಿಸಿ ಮುರಿದರೆ ಅದು ತಾನಾಗಿ ಬಿಡಿಸಿಕೊಂಡು ಬರುತ್ತದೆ. ತಿರುಳು ಸೇರಿದ ದಪ್ಪ ತುಂಡಿಟ್ಟರೆ ಕಾಣುವುದು ಬರೀ ಕತ್ತಲೆ. ಪೊರೆಯ ಮೇಲೆ ಒಂದು ಹನಿ ಅಯೋಡಿನ್ ಹಾಕಿ, ಕವರ್ ಸ್ಲಿಪ್ಪಿನ ಒಂದಂಚನ್ನು ಓರೆಯಾಗಿ ಆ ಹನಿಗೆ ತಾಗಿಸಿ ಮೆಲ್ಲಗೆ ಮಲಗಿಸಬೇಕು. ಇಸ್ಪೀಟಿನ ಎಲೆ ಬಡಿದ ಹಾಗೆ ಮೇಲಿಂದ ಬಿಟ್ಟರೆ ಗಾಳಿಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ದಪ್ಪ ಕಪ್ಪಂಚಿನ ದುಂಡನೆಯ ಗುಳ್ಳೆ ಎಷ್ಟು ಚೆಂದ ಕಾಣುತ್ತದೆಂದರೆ, ಮೊದಲ ವಾರದ ಅರ್ಧ ವಿದ್ಯಾರ್ಥಿಗಳು ಬರೆಯುವ "ಜೀವಕೋಶ" ಅದೇ. ಉಳಿದರ್ಧದಲ್ಲಿ ಕೆಲವರು ತಮ್ಮದೇ ರೆಪ್ಪೆಗೂದಲನ್ನು ಬರೆದು ಅದಕ್ಕೆ ಚಲನಾಂಗವೆಂದು ಹೆಸರಿಡುತ್ತಾರೆ. ಪುಸ್ತಕ ಓದಿ ಬಂದವರು ಮಾತ್ರ ಮಾಡುವ ತಪ್ಪೊಂದಿದೆ: ಈರುಳ್ಳಿ ಕೋಶದೊಳಗೆ ಹಸಿರು ಕ್ಲೋರೋಪ್ಲಾಸ್ಟ್ ಬರೆಯುವುದು. ಮಣ್ಣಿನೊಳಗಿನ ಬಿಳಿ ಗಡ್ಡೆಯಲ್ಲಿ ಪತ್ರಹರಿತ್ತು ಎಲ್ಲಿಂದ ಬರಬೇಕು?

ಅದು ಕಾಣಬೇಕಾದರೆ ಕೆನ್ನೆಯೊಳಗೆ ನೋಡಬೇಕು! ಹಲ್ಲುಕಡ್ಡಿಯಿಂದ ಕೆನ್ನೆಯ ಒಳಭಾಗ ಮೆಲ್ಲಗೆ ಕೆರೆದು, ಮೆಥಿಲೀನ್ ನೀಲಿ ಹಾಕಿ ನೋಡುವ ಪಾಠ ಸಾಮಾನ್ಯವಾಗಿ ಊಟದ ನಂತರವೇ ಬೀಳುತ್ತದೆ. ಗೋಡೆಯಿಲ್ಲದ, ಅಂಕುಡೊಂಕಿನ ಮನುಷ್ಯ ಕೋಶಗಳ ನಡುವೆ ಗಟ್ಟಿ ಗೋಡೆಯ ಹಸಿರು ಇಟ್ಟಿಗೆಗಳು ಕಂಡರೆ ಹೊಸ ಸಂಶೋಧನೆ ಎಂದುಕೊಳ್ಳಬೇಡಿ. ಅದು ಮಧ್ಯಾಹ್ನದ ಕೊತ್ತಂಬರಿ ಚಟ್ನಿ. ಬಾಯಿ ಮುಕ್ಕಳಿಸಿ ಹೋಗಿ. ಆ ನೀಲಿ ಬಟ್ಟೆಗೆ ತಾಗಿದರಂತೂ ಅಗಸನಿಗೂ ಹೋಗುವುದಿಲ್ಲ.

ಅಡುಗೆಮನೆಯ ಅನುಭವ ಕೈಹಿಡಿಯುವುದೂ ಕೈಕೊಡುವುದೂ ಅಭಿಸರಣದ, ಅಂದರೆ ಕೋಶದ ಪೊರೆ ದಾಟಿ ನೀರು ಒಳಗೂ ಹೊರಗೂ ಸಾಗುವುದರ, ಲ್ಯಾಬಿನಲ್ಲಿ. ಕೋಸಂಬರಿಗೆ ಬಡಿಸುವ ಮುನ್ನವಷ್ಟೇ ಉಪ್ಪು ಹಾಕಬೇಕು, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ. ಮಾವಿನ ಮಿಡಿ ಉಪ್ಪಿನಲ್ಲಿ ಸುಕ್ಕಾಗುತ್ತದೆ. ಇದನ್ನು ಬಲ್ಲವರಿಗೆ ಆಲೂಗಡ್ಡೆಯ ಪ್ರಯೋಗ ಹೊಸದಲ್ಲ. ಒಂದೇ ಉದ್ದದ ಆಲೂ ಕಡ್ಡಿಗಳನ್ನು ತೂಗಿ, 0ಯಿಂದ 1 ಮೋಲಾರ್‌ವರೆಗಿನ ಸಕ್ಕರೆ ದ್ರಾವಣಗಳಲ್ಲಿ ಮುಳುಗಿಸಿಟ್ಟು, ಮತ್ತೆ ತೂಗುವುದು. ಬರಿ ನೀರಿನಲ್ಲಿದ್ದದ್ದು ಸೆಟೆದು ನಿಲ್ಲುತ್ತದೆ, ಗಾಢ ಸಕ್ಕರೆಯಲ್ಲಿದ್ದದ್ದು ಹಳೇ ಕ್ಯಾರೆಟ್ಟಿನಂತೆ ಬಾಗುತ್ತದೆ. ತೂಕ ಹೆಚ್ಚದೆ ಕಡಿಮೆಯಾಗದೆ ನಿಲ್ಲುವ ಬಿಂದು ಸಾಮಾನ್ಯವಾಗಿ 0.2, 0.3ರ ಆಸುಪಾಸು.

ಕೆಡುವುದು ದ್ರಾವಣ ಮಾಡುವಲ್ಲಿ. 1 ಮೋಲಾರ್ ಎಂದರೆ 342 ಗ್ರಾಂ ಸಕ್ಕರೆ, ಒಂದು ಲೀಟರ್. "ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು" ಎಂದು ಪಳಗಿದ ಕೈ ಒಂದು ಲೀಟರ್ ನೀರು ಅಳೆದು ಅದಕ್ಕೆ 342 ಗ್ರಾಂ ಸುರಿಯುತ್ತದೆ. ಸಕ್ಕರೆಯೂ ಜಾಗ ಹಿಡಿಯುತ್ತದಲ್ಲ, ಒಟ್ಟು 1.2 ಲೀಟರ್ ಆಗಿ ದ್ರಾವಣ 0.8ಕ್ಕೆ ತೆಳುವಾಗುತ್ತದೆ. ಮೊದಲು ಸಕ್ಕರೆ, ಆಮೇಲೆ ಸ್ವಲ್ಪ ನೀರಿನಲ್ಲಿ ಕರಗಿಸಿ, ಕೊನೆಗೆ ಒಂದು ಲೀಟರಿನ ಗೆರೆ ಮುಟ್ಟುವಷ್ಟು ನೀರು. ಇನ್ನೊಂದು ಎಡವಟ್ಟು ಒರೆಸುವುದರಲ್ಲಿ. ಒಂದು ಕಡ್ಡಿಯನ್ನು ಕಾಗದದ ಮೇಲೆ ಹೊರಳಿಸಿ, ಇನ್ನೊಂದನ್ನು ತೊಟ್ಟಿಕ್ಕುತ್ತಲೇ ತಕ್ಕಡಿಗೆ ಹಾಕಿದರೆ ಗ್ರಾಫು ಆಗುಂಬೆ ಘಾಟಿಯಾಗುತ್ತದೆ.

ಸಕ್ಕರೆಯ ಮೇಲಿನ ನಂಬಿಕೆ ಇನ್ನೊಂದು ಕಡೆಯೂ ಅಲ್ಲಾಡುತ್ತದೆ. ಸಕ್ಕರೆ ಇದೆಯೇ ಎಂದು ನೋಡುವ ಬೆನೆಡಿಕ್ಟ್ ದ್ರಾವಣ ನೀಲಿ. ಗ್ಲೂಕೋಸಿಗೆ ಹಾಕಿ ಕುದಿಯುವ ನೀರಿನಲ್ಲಿ ಐದು ನಿಮಿಷವಿಟ್ಟರೆ ಹಸಿರು, ಹಳದಿ, ಕಿತ್ತಳೆ ದಾಟಿ ಇಟ್ಟಿಗೆಗೆಂಪು ಆಗುತ್ತದೆ. ಮನೆಯ ಸಕ್ಕರೆಗೆ ಹಾಕಿದರೆ? ನೀಲಿ ನೀಲಿಯಾಗಿಯೇ ಕೂತಿರುತ್ತದೆ. ಏಕೆಂದರೆ ಸುಕ್ರೋಸಿನಲ್ಲಿ ಗ್ಲೂಕೋಸು, ಫ್ರಕ್ಟೋಸು ಎರಡೂ ಕ್ರಿಯೆ ನಡೆಸುವ ತಮ್ಮ ತುದಿಗಳನ್ನೇ ಒಂದಕ್ಕೊಂದು ಹೆಣೆದುಕೊಂಡಿವೆ. ಬೆಲ್ಲ ಹಾಕಿದರೆ ಬಣ್ಣ ತಿರುಗುತ್ತದೆ, ಅದರಲ್ಲಿ ಬಿಡಿ ಗ್ಲೂಕೋಸು ಕೊಂಚ ಇರುತ್ತದೆ. ಅಯೋಡಿನ್ನಿನದು ತಿರುಗುಮುರುಗು ಲೆಕ್ಕ: ಪಿಷ್ಟಕ್ಕೆ ಹಾಕಿದ ಕಡುನೀಲಿ ಬಿಸಿ ಮಾಡಿದರೆ ಮಾಯ. ಯಾವುದನ್ನು ಕುದಿಸಬೇಕು, ಯಾವುದನ್ನು ಕುದಿಸಬಾರದು ಎಂದು ನೋಡದೆ ಎಲ್ಲ ನಳಿಗೆಗಳನ್ನೂ ಒಟ್ಟಿಗೆ ಬಿಸಿನೀರಿಗಿಳಿಸಿದ ತಂಡಕ್ಕೆ ಆಲೂಗಡ್ಡೆಯಲ್ಲಿ ಪಿಷ್ಟವೇ ಇರುವುದಿಲ್ಲ. ಕೊಬ್ಬಿನ ಪರೀಕ್ಷೆಯಂತೂ ಕಲಿಸಬೇಕಾದ್ದೇ ಇಲ್ಲ. ಕಾಗದಕ್ಕೆ ಉಜ್ಜಿ ಬೆಳಕಿಗೆ ಹಿಡಿಯುವುದು. ಬೋಂಡಾ ಕಟ್ಟಿಕೊಟ್ಟ ಪೇಪರ್ ನೋಡಿದವರೆಲ್ಲ ಅದರಲ್ಲಿ ಪಾಸು.

ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದಿದ್ದರೆ ಕಂದಾಗುವುದು ಕಿಣ್ವದ ಕೆಲಸ, ಅದಕ್ಕೆ ಗಾಳಿಯ ಆಮ್ಲಜನಕ ಬೇಕು. ಲ್ಯಾಬಿನಲ್ಲಿ ಇದನ್ನೇ ಆಲೂರಸದಲ್ಲಿ ಮಾಡಿಸುತ್ತಾರೆ: ಒಂದು ಮಂಜುಗಡ್ಡೆಯಲ್ಲಿ, ಒಂದು ಬೆಚ್ಚಗೆ, ಒಂದು ಕುದಿಸಿದ್ದು. ಕುದಿಸಿದ್ದು ಬಣ್ಣ ತಿರುಗಬಾರದು. ತಿರುಗಿತೇ? ಹಸಿ ರಸಕ್ಕೆ ಅದ್ದಿದ ಪಿಪೆಟ್ಟನ್ನೇ ಅದಕ್ಕೂ ಅದ್ದಿದ್ದೀರಿ. ಸಾರಿನ ಸೌಟನ್ನು ಪಾಯಸಕ್ಕೆ ಹಾಕುವ ಅಪರಾಧ ಇದು, ಅಜ್ಜಿ ಇದ್ದಿದ್ದರೆ ಅಲ್ಲೇ ಹಿಡಿಯುತ್ತಿದ್ದರು.

ಈಗ ಆ 20 ಮೈಕ್ರೋಲೀಟರ್ ಪಿಪೆಟ್ಟಿಗೆ ಬರೋಣ. ಕಿಟಕಿಯಲ್ಲಿ ಮೂರು ಅಂಕಿಗಳು ಮೇಲಿಂದ ಕೆಳಗೆ. 20ರ ಪಿಪೆಟ್ಟಿನಲ್ಲಿ 1, 2, 5 ಎಂದರೆ 12.5. ಅದರ ಅಣ್ಣನಾದ 200ರ ಪಿಪೆಟ್ಟಿನಲ್ಲಿ ಅದೇ ಅಂಕಿಗಳಿಗೆ 125. ಬಣ್ಣ ನೋಡದೆ ಕೈಗೆತ್ತಿಕೊಂಡರೆ ಡಿಎನ್‌ಎ ಹತ್ತುಪಟ್ಟು ಸುರಿದಿರುತ್ತದೆ. ಗುಂಡಿಗೆ ಎರಡು ನಿಲ್ದಾಣ. ಮೊದಲನೆಯದರ ತನಕ ಒತ್ತಿ, ದ್ರವದೊಳಗೆ ಮುಳುಗಿಸಿ, ಮೆಲ್ಲಗೆ ಬಿಡುವುದು. ಹೊರಹಾಕುವಾಗ ಎರಡನೆಯದರ ತನಕ ಒತ್ತುವುದು. ಹೀರುವಾಗಲೇ ಎರಡನೆಯದಕ್ಕೆ ಹೋದರೆ ಹೆಚ್ಚು ಬರುತ್ತದೆ. ತಟಕ್ಕನೆ ಬಿಟ್ಟರೆ ಗಾಳಿ ಬರುತ್ತದೆ. ಕರೆಂಟು ಹರಿಸಿ ಡಿಎನ್‌ಎ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ಲಿನ ಗುಳಿಗೆ ಆ ಗಾಳಿಯನ್ನು ಊದಿದರೆ ಡಿಎನ್‌ಎ ಮೇಲೆದ್ದು ತೇಲಿ ಪಕ್ಕದವರ ಗುಳಿಗೆ ವಲಸೆ ಹೋಗುತ್ತದೆ.

ಆ ಜೆಲ್ಲೂ ಒಂದು ಅಡುಗೆಯೇ. 50 ಮಿಲಿಲೀಟರ್ ಬಫರಿಗೆ, ಅಂದರೆ ಲವಣ ಕರಗಿದ ನೀರಿಗೆ, ಅರ್ಧ ಗ್ರಾಂ ಅಗರೋಸ್ ಪುಡಿ, ಮೈಕ್ರೋವೇವಿನಲ್ಲಿ ಕರಗಿಸುವುದು. ಹಾಲಿನ ಹಾಗೆಯೇ ಬೆನ್ನು ತಿರುಗಿಸಿದಾಗ ಉಕ್ಕುತ್ತದೆ. ಹೊರತೆಗೆದು ಅಲುಗಿಸಿದಾಗಲೂ ಭುಸ್ಸನೆ ಉಕ್ಕೀತು, ಕೈಗವಸು ಬೇಕು. ಬಫರ್ ಬದಲು ನೀರು ಹಾಕಿದವರ ಜೆಲ್ ನೋಡಲು ಹೇಗೂ ಸರಿಯಾಗಿಯೇ ಇರುತ್ತದೆ, ಆದರೆ ಅಯಾನುಗಳಿಲ್ಲದೆ ಕರೆಂಟು ಹರಿಯದು. ತಂತಿಯ ಬಳಿ ಸಣ್ಣ ಗುಳ್ಳೆಗಳು ಏಳುತ್ತಿದ್ದರೆ ಮಾತ್ರ ಕೆಲಸ ನಡೆಯುತ್ತಿದೆ ಎಂದರ್ಥ. ಡಿಎನ್‌ಎಗೆ ಋಣ ಆವೇಶ, ಅದು ಕೆಂಪು ತಂತಿಯತ್ತ ಓಡುತ್ತದೆ. ಗುಳಿಗಳು ಕಪ್ಪಿನ ಕಡೆ ಇರಬೇಕು. ತಿರುಗಿಸಿಟ್ಟವರ ಮೂರು ವಾರದ ಶ್ರಮ ಹತ್ತು ನಿಮಿಷದಲ್ಲಿ ಜೆಲ್ಲಿನ ಹಿಂಬಾಗಿಲಿನಿಂದ ಹೊರಟುಹೋಗುತ್ತದೆ.

ಹಣ್ಣಿನ ನೊಣದ ಲ್ಯಾಬಿನಲ್ಲಿ ನಮ್ಮವರಿಗೆ ಸ್ವಲ್ಪ ಎದೆಯುಬ್ಬಿಸಿ ಕೂರುವ ಹಕ್ಕಿದೆ. ಬಾಳೆಹಣ್ಣಿನ ಮೇಲೆ ಹಾರಾಡುವ ಈ ಡ್ರೋಸೋಫಿಲಾ ತಳಿಗಳನ್ನು ಜೋಪಾನ ಮಾಡುವ ಕೇಂದ್ರ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಬಿಳಿ ಕಣ್ಣಿನ ಗಂಡುನೊಣವೊಂದನ್ನು ಕಂಡು ಶುರುಮಾಡಿದ ಲೆಕ್ಕವನ್ನೇ ಇಲ್ಲಿ ಮತ್ತೆ ಮಾಡಿಸುತ್ತಾರೆ. ನೊಣಗಳಿಗೆ ಮದ್ದಿನ ವಾಸನೆ ತೋರಿಸಿ ಮಲಗಿಸಿ ಎಣಿಸಬೇಕು. ಕಡಿಮೆಯಾದರೆ ಎಣಿಕೆ ಮೂವತ್ತಕ್ಕೆ ಬಂದಾಗ ಎದ್ದು ಹಾರುತ್ತವೆ. ಹೆಚ್ಚಾದರೆ ರೆಕ್ಕೆ ಮೇಲಕ್ಕೆತ್ತಿಕೊಂಡು ಬಿದ್ದಿರುತ್ತವೆ, ಅವು ಇನ್ನು ಏಳುವುದಿಲ್ಲ. ಮಲಗಿದವನ್ನು ವಾಪಸು ಹಾಕುವಾಗ ಸೀಸೆಯನ್ನು ಅಡ್ಡ ಮಲಗಿಸಿಡಬೇಕು. ನೆಟ್ಟಗಿಟ್ಟರೆ ತಳದ ಮೇವಿಗೆ ಅಂಟಿಕೊಂಡು ಸಾಯುತ್ತವೆ. ಹೆಣ್ಣುಗಳನ್ನು ಪೊರೆಯಿಂದ ಹೊರಬಂದ ಎಂಟು ಗಂಟೆಯೊಳಗೆ ಬೇರೆ ಮಾಡಬೇಕು, ತಡವಾದರೆ ಮದುವೆ ನೀವು ನಿಶ್ಚಯಿಸಿದ ಕಡೆ ಆಗಿರುವುದಿಲ್ಲ. ವಾರದ ನಂತರ ಅಪ್ಪ ಅಮ್ಮಂದಿರನ್ನು ಸೀಸೆಯಿಂದ ತೆಗೆಯಲು ಮರೆತರೆ ಮಕ್ಕಳ ಲೆಕ್ಕದಲ್ಲಿ ಅವರೂ ಸೇರಿಕೊಳ್ಳುತ್ತಾರೆ. 3:1 ಬರಬೇಕಾದ ಅನುಪಾತ ಏನೋ ಆಗಿ, ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರ ಸರಿದಿದೆ ಎಂದು ಅಳೆಯುವ ಕೈ-ವರ್ಗದ (chi-square) ಬೆಲೆ 3.84 ದಾಟಿದರೆ ವರದಿಯಲ್ಲಿ ಆ ಅನುಪಾತ ಹೇಳಿಕೊಟ್ಟ ಮೆಂಡೆಲನನ್ನು ಬೈಯುವ ಮೊದಲು ಸೀಸೆಯ ದಿನಾಂಕ ನೋಡಿಕೊಳ್ಳಿ.

ಕೆಲವು ಕಾಲೇಜುಗಳಲ್ಲಿ ಹಂದಿಯ ಭ್ರೂಣ ಕೊಯ್ಯಿಸುತ್ತಾರೆ. ಒಲ್ಲದವರು ಮೊದಲ ವಾರವೇ ಕೇಳಿದರೆ ಪರ್ಯಾಯ ಸಿಗುವ ಸಂಭವ ಹೆಚ್ಚು, ಕತ್ತರಿ ಕೈಗೆ ಬಂದ ದಿನ ಕೇಳಿದರೆ ಕಡಿಮೆ. ಕೊಯ್ದು ಬಂದವರಿಗೆ ಕ್ಷೌರದಂಗಡಿಯ ನಿಯಮ: ಏನನ್ನೂ ಮುಟ್ಟದೆ ನೇರ ಬಚ್ಚಲಿಗೆ. ಆ ದ್ರಾವಣದ ವಾಸನೆ ಕೂದಲಿನಲ್ಲಿ ಎರಡು ದಿನ ಬಾಡಿಗೆಯಿಲ್ಲದೆ ಇರುತ್ತದೆ.

ಕೊನೆಗೆ ಲ್ಯಾಬ್ ಪರೀಕ್ಷೆ. ಮೇಜಿನ ಸುತ್ತ ನಂಬರ್ ಹಾಕಿದ ಜಾಗಗಳು, ಒಂದೊಂದರಲ್ಲೂ ಒಂದು ನಿಮಿಷ, ಗಂಟೆ ಬಾರಿಸಿದೊಡನೆ ಮುಂದಕ್ಕೆ. ಕಾಗುಣಿತಕ್ಕೂ ಅಂಕವಿದೆ, ದ್ಯುತಿಸಂಶ್ಲೇಷಣೆಯನ್ನು ತಪ್ಪಿಲ್ಲದೆ ಬರೆದು ಬೆಳೆದವರಿಗೆ ಅದು ಭಾರವೇನಲ್ಲ. ಪ್ರತಿ ಮೈಕ್ರೋಸ್ಕೋಪಿನ ಮುಂದೆಯೂ ದಪ್ಪಕ್ಷರದ ಚೀಟಿ: ಮುಟ್ಟಬೇಡಿ. ಏಳನೆಯ ಜಾಗದಲ್ಲಿ ಈರುಳ್ಳಿ ಪೊರೆ, ಮುಳ್ಳು ತೋರಿಸುತ್ತಿರುವುದು ಕೋಶಕೇಂದ್ರವನ್ನು. ಯಾರದೋ ಕೈಗೆ ಅದು ಕೊಂಚ ಮಸುಕಾಗಿದೆ ಅನ್ನಿಸುತ್ತದೆ, ಅಂದಾಜಿನಲ್ಲಿ ಸ್ಲೈಡನ್ನು ಒಂದು ಕೂದಲೆಳೆ ಸರಿಸುತ್ತದೆ. ಅಲ್ಲಿಂದಾಚೆಗೆ ಬಂದ ಹನ್ನೊಂದು ಜನ, ಹದಿನೈದು ವಾರ ಕಲಿತದ್ದನ್ನೆಲ್ಲ ನೆನೆದು, ಒಂದಕ್ಷರ ತಪ್ಪದೆ "ಗಾಳಿಗುಳ್ಳೆ" ಎಂದು ಬರೆದು ಎಂಟನೆಯದಕ್ಕೆ ಹೋಗುತ್ತಾರೆ.