ನೀರು ತಪ್ಪು, ಟ್ಯೂಬು ಒಪ್ಪು

ತೀರ್ಥಹಳ್ಳಿ ಕಡೆಯ ನಮ್ಮೂರ ಡೈರಿಯಲ್ಲಿ ನೀರಿಗಿಂತ ದೊಡ್ಡ ಪಾಪ ಇಲ್ಲ. ಬೆಳಿಗ್ಗೆ ಕ್ಯಾನು ಹಿಡಿದು ನಿಂತರೆ ಕಾರ್ಯದರ್ಶಿಗಳು ಲ್ಯಾಕ್ಟೋಮೀಟರನ್ನು ಹಾಲಿಗೆ ಬಿಟ್ಟು, ಕಣ್ಣು ಕಿರಿದು ಮಾಡಿ, ಜಾತಕ ನೋಡಿದ ಹಾಗೆ ನೋಡುತ್ತಾರೆ. "ಡಿಗ್ರಿ ಕಮ್ಮಿ ಬಂತಲ್ಲ ಮಾರಾಯ್ರೆ, ಮಳೆ ಕ್ಯಾನಿನೊಳಗೂ ಸುರೀತಾ?" ಸಾಲಿಗೆ ಸಾಲೇ ನಗುತ್ತದೆ.

ಅದೇ ಕ್ಯಾನಿನಲ್ಲಿ ಪೆನಿಸಿಲಿನ್ ಇದ್ದರೆ? ಏನೂ ತೊಂದರೆಯಿಲ್ಲ. ಅದು ಡಿಗ್ರಿ ಇಳಿಸುವುದಿಲ್ಲ, ಫ್ಯಾಟ್ ಕೆಡಿಸುವುದಿಲ್ಲ. ಮರ್ಯಾದಸ್ಥ ಔಷಧ.

ಆಷಾಢದಲ್ಲಿ ನಮ್ಮ ಗೌರಿಗೆ ಕೆಚ್ಚಲು ಬಾವು ಬಂತು. ಬಿಡದೆ ಸುರಿದ ಮಳೆ, ಕೊಟ್ಟಿಗೆಗೆ ಹಾಸಿದ ದರಕೆಲ್ಲ ಕೆಸರು. ಬಾರದೆ ಇನ್ನೇನು? ಡಾಕ್ಟರು ಮೊಲೆಗೆ ಪೆನಿಸಿಲಿನ್‌ನಂಥ ಆ್ಯಂಟಿಬಯೋಟಿಕ್ ಔಷಧದ ಟ್ಯೂಬು ಬಿಟ್ಟು, "ನಾಲ್ಕು ದಿನ ಹಾಲನ್ನ ಡೈರಿಗೂ ಹಾಕಬೇಡಿ, ಮನೇಲೂ ಕುಡೀಬೇಡಿ" ಎಂದರು. ಎಷ್ಟು ದಿನ ಹಾಲು ಬಳಸಬಾರದು ಅಂತ ಗೊತ್ತುಮಾಡಿರದ ಔಷಧವಾದರೆ ಕನಿಷ್ಠ 7 ದಿನ ಬಳಸಬಾರದೆಂದು 2012ರಿಂದ ನಿಯಮವೇ ಇದೆ. ಗೌರಿಗಂತೂ ಗೊತ್ತಿಲ್ಲ. ಉಳಿದವರದ್ದು ನಾನು ಹೇಳಲ್ಲ.

ಎಂಟು ಹೊತ್ತಿನ ಹಾಲನ್ನು ಅಡಿಕೆ ಬುಡಕ್ಕೆ ಸುರಿದೆ. ಐದನೇ ದಿನ ಡೈರಿಯಲ್ಲಿ ವಿಷಯ ಹೇಳಿದರೆ, ನೀರು ಹಾಕಿ ಸಿಕ್ಕಿಬಿದ್ದವನನ್ನೂ ಕಾರ್ಯದರ್ಶಿಗಳು ಹಾಗೆ ನೋಡಿರಲಿಲ್ಲ. "ಟ್ಯಾಂಕರಲ್ಲಿ ಸಾವಿರಾರು ಲೀಟರ್ ಇರುತ್ತೆ. ಅದರಲ್ಲಿ ನಿಮ್ಮ ಹಾಲು ಏನು ಮಹಾ?" ಅಂದರು. ಹೌದಲ್ವಾ! ಟ್ಯಾಂಕರ್ ತುಂಬುವುದೇ ಇಂಥ ಏನು ಮಹಾಗಳಿಂದ. 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದಲ್ಲೆಲ್ಲ 6,432 ಹಾಲಿನ ಮಾದರಿ ಪರೀಕ್ಷೆ ಮಾಡಿಸಿದಾಗ 77ರಲ್ಲಿ ಆ್ಯಂಟಿಬಯೋಟಿಕ್ ಮಿತಿ ಮೀರಿತ್ತು. ಒಬ್ಬರು, "ಕುದಿಸಿದರೆ ಹೋಗುತ್ತೆ ಬಿಡಿ" ಎಂದು ಸಮಾಧಾನ ಹೇಳಿದರು. ಕುದಿಸಿದರೆ ಕೆನೆ ಬರುತ್ತದೆ, ಔಷಧ ಬಹುಪಾಲು ಅಲ್ಲೇ ಇರುತ್ತದೆ.

ಹಾಗಂತ ನಮ್ಮೂರಲ್ಲಿ ಪರೀಕ್ಷೆ ಆಗಲೇ ಇಲ್ಲ ಅನ್ನಬಾರದು. ಆ ನಾಲ್ಕು ದಿನ ಅಮ್ಮ ಪಕ್ಕದ ಮನೆಯಿಂದ ಹಾಲು ತರಿಸಿದ್ದಳು. ರಾತ್ರಿ ಹೆಪ್ಪು ಹಾಕಿ ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಕೂತಿತ್ತು. ಲ್ಯಾಬಿನಲ್ಲಿ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಹಾಲನ್ನು ಬ್ಯಾಕ್ಟೀರಿಯಾದ ಜೊತೆ 64 ಡಿಗ್ರಿ ಬಿಸಿಯಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾ ಬೆಳೆದರೆ ನೇರಳೆ ಬಣ್ಣ ಹಳದಿಗೆ ತಿರುಗುತ್ತದೆ. ನೇರಳೆಯಾಗಿಯೇ ಉಳಿದರೆ ಹಾಲಿನಲ್ಲಿ ಔಷಧವಿದೆ. ನಮ್ಮಮ್ಮನ ಲ್ಯಾಬಿನಲ್ಲಿ ಬಣ್ಣ ಇಲ್ಲ, ಬೈಗುಳ ಇದೆ. "ಹಾಳು ಮಳೆಗಾಲದ ಥಂಡಿ" ಎಂದು ಬೈದು, ಪಾತ್ರೆಗೆ ಕಂಬಳಿ ಹೊದೆಸಿದಳು.

ಗೌರಿಯನ್ನು ನೋಡಿದ ದಿನವೇ ಡಾಕ್ಟರು ಪಕ್ಕದ ಮನೆ ಕೊಟ್ಟಿಗೆಗೂ ಹೋಗಿದ್ದರು. ಅವರ ಕ್ಯಾನು ಒಂದು ಹೊತ್ತೂ ಡೈರಿ ತಪ್ಪಿಸಲಿಲ್ಲ.

ಸಂಜೆ ಆ ಮನೆಯಾಕೆ ಲೋಟ ಹಿಡಿದು ಬಂದರು. "ನಮ್ಮಲ್ಲೂ ಮೊಸರೇ ಆಗ್ತಿಲ್ಲ ದೊಡ್ಡಮ್ಮಾ, ಹೆಪ್ಪೇ ಸರಿ ಇಲ್ಲ ಕಾಣ್ತದೆ. ನಿಮ್ಮದು ಒಂದು ಚಮಚ ಕೊಡ್ತೀರಾ?"